ಸಿಂಕ್ ಕೊಳ್ಳುವ ಮೊದಲು ಬಾಗಿಲು ತೆಗೆದು ಕೆಳಗೆ ಅಳೆಯಿರಿ

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿ ಆರ್‌ವಿ, ಅಂದರೆ ಅಡುಗೆಮನೆ ಸಮೇತ ಓಡಾಡುವ ಮನೆಗಾಡಿ, ಇಟ್ಟುಕೊಂಡಿರುವ ಕನ್ನಡದ ಮನೆಯವರಿಗಾಗಿ ಇವತ್ತಿನ ಮಾತು. ಮೋಟರ್‌ಹೋಮ್ ಇರಲಿ, ಪಿಕಪ್‌ಗೆ ಕಟ್ಟಿ ಎಳೆಯುವ ಟ್ರೇಲರ್ ಇರಲಿ, ದೂರು ಒಂದೇ. ಸಿಂಕ್ ಚಿಕ್ಕದು, ಕುಕ್ಕರ್ ಒಳಗೆ ಇಳಿಯೋದಿಲ್ಲ, ಬಾಣಲೆ ತೊಳೆಯೋಕೆ ಹೋದರೆ ಅರ್ಧ ನೀರು ನಮ್ಮ ಮೈಮೇಲೆ. ಬದಲಾಯಿಸಬಹುದಾ? ಧಾರಾಳವಾಗಿ ಬದಲಾಯಿಸಿ. ಆದರೆ ಅಂಗಡಿಗೆ ಹೋಗುವ ಮುಂಚೆ ಸಿಂಕಿನ ಕೆಳಗಿನ ಬಾಗಿಲು ತೆಗೆದು, ಟೇಪ್ ಹಿಡಿದು ಕೂತುಕೊಳ್ಳಿ. ಎಲ್ಲರೂ ಮೇಲೆ ಅಳೀತಾರೆ. ನೀವು ಕೆಳಗೆ ಅಳೆಯಿರಿ.

ಏನು ಅಳೀಬೇಕು? ಎರಡೇ ಲೆಕ್ಕ. ಕಟ್ಟೆಯ ಮೇಲ್ಭಾಗದಿಂದ, ಗೋಡೆಯೊಳಗೆ ಹೋಗುವ ಆ ಒಂದೂವರೆ ಇಂಚಿನ ಕಪ್ಪು ಡ್ರೈನ್ ಪೈಪಿನ ಮಧ್ಯದವರೆಗೆ ಎಷ್ಟು ಇಂಚು ಇದೆ, ಅದು ಮೊದಲನೆಯದು. ಹೊಸ ಸಿಂಕಿನ ಆಳ, ಅದರ ಕೆಳಗಿನ ಸ್ಟ್ರೇನರ್ (ಕಸ ತಡೆಯುವ ಜಾಲರಿ) ಬಟ್ಟಲಿನ ಎತ್ತರ, ಅಲ್ಲಿಂದ ಟ್ರ್ಯಾಪಿಗೆ, ಅಂದರೆ ವಾಸನೆ ತಡೆಯೋಕೆ ಸ್ವಲ್ಪ ನೀರು ಹಿಡಿದಿಡುವ ಬಾಗಿದ ಪೈಪಿಗೆ, ಇಳಿಯುವ ಪೈಪು, ಈ ಮೂರನ್ನೂ ಕೂಡಿದರೆ ಎರಡನೆಯದು. ಎರಡನೆಯದು ಮೊದಲನೆಯದನ್ನು ಮೀರಿತೋ, ಆ ಸಿಂಕ್ ನಿಮಗಲ್ಲ. ಎಷ್ಟೇ ಚೆನ್ನಾಗಿರಲಿ, ಎಷ್ಟೇ ಅಗ್ಗಕ್ಕೆ ಸಿಗಲಿ, ನಿಮಗಲ್ಲ.

ಟೆಕ್ಸಸ್‌ನಲ್ಲಿರುವ ಒಂದು ಮನೆಯವರ ಕಥೆ ಹೇಳ್ತೀನಿ, ಲೆಕ್ಕ ಸ್ಪಷ್ಟ ಆಗುತ್ತೆ. ಹಳೇ ಸಿಂಕ್ 25 ಇಂಚು ಉದ್ದ, 17 ಇಂಚು ಅಗಲ, ಆಳ ಬರೀ 6 ಇಂಚು. ಸ್ಟ್ರೇನರಿಗೆ 3, ಟ್ರ್ಯಾಪಿಗೆ 3, ಒಟ್ಟು 12. ಗೋಡೆಯ ಪೈಪು 12ಕ್ಕಿಂತ ಚೂರು ಕೆಳಗಿತ್ತು, ನೀರು ಸಲೀಸಾಗಿ ಹೋಗ್ತಿತ್ತು. ಯಜಮಾನರು ಮನೆಗೆ ಹಾಕುವಂಥ 9 ಇಂಚು ಆಳದ ಸ್ಟೀಲ್ ಸಿಂಕ್ ತಂದರು. ಮೇಲೆ ಅಳತೆ ಸರಿಯಾಗಿತ್ತು ಅಂತ ಜಿಗ್‌ಸಾ (ಕರೆಂಟಿನ ಗರಗಸ) ಹಿಡಿದು ಕಟ್ಟೆಯ ತೂತನ್ನು ದೊಡ್ಡದು ಮಾಡಿಯೇಬಿಟ್ಟರು. ಆಮೇಲೆ ಕೆಳಗೆ ತಲೆ ಹಾಕಿದರೆ ಟ್ರ್ಯಾಪು 15 ಇಂಚಿಗೆ ಬಂದು ಕೂತಿದೆ, ಗೋಡೆಯ ಪೈಪು ಅದಕ್ಕಿಂತ ಹೆಚ್ಚುಕಡಿಮೆ 3 ಇಂಚು ಮೇಲಿದೆ! ನೀರು ಏಣಿ ಹತ್ತುತ್ತದೆಯೇ? ಅವರೇನೋ ಮಡಿಕೆ ಮಡಿಕೆಯ ಬಾಗುವ ಪೈಪು ತಂದು ಮೇಲಕ್ಕೆ ಬಗ್ಗಿಸಿ ಸೇರಿಸಿದರು. ಸಿಂಕ್ ತುಂಬ ನೀರು ಬಿಟ್ಟು ನೋಡಿದಾಗ ಮೇಲಿನ ನೀರಿನ ಭಾರಕ್ಕೆ ಹೋಯಿತು, ಖುಷಿಪಟ್ಟರು. ಆದರೆ ಕೊನೆಯ ನೀರು ಎಲ್ಲಿಗೆ ಹೋಗಬೇಕು? ಪೈಪಿನಲ್ಲೇ ನಿಂತಿತು. ಮಡಿಕೆಗಳಲ್ಲಿ ಅನ್ನದ ಅಗುಳು, ಒಗ್ಗರಣೆಯ ಸಾಸಿವೆ, ಎಣ್ಣೆ ಎಲ್ಲ ಕೂತವು. ಗಾಡಿ ಸ್ವಲ್ಪ ವಾಲಿ ನಿಂತ ಕಡೆ ಆ ನೀರು ಸ್ಟ್ರೇನರಿಗೇ ಹತ್ತಿ ಬರ್ತಿತ್ತು, ವಾಸನೆ ಸಮೇತ. ಹಳೇ ಸಿಂಕ್ ವಾಪಸ್ ಹಾಕೋಣ ಅಂದರೆ ತೂತು ದೊಡ್ಡದಾಗಿಬಿಟ್ಟಿದೆ. ಕೊನೆಗೆ ಅದೇ ತೂತಿಗೆ ಕೂರುವ 7 ಇಂಚು ಆಳದ ಸಿಂಕ್ ಹುಡುಕಿ, ಅದಕ್ಕೆ 2 ಇಂಚಿನ ಗಿಡ್ಡ ಸ್ಟ್ರೇನರ್ ಹಾಕಿದರು. 7 ಮತ್ತು 2, 9. ಮೊದಲೂ 6 ಮತ್ತು 3, 9 ಅಲ್ಲವೇ? ಅಷ್ಟೇ ಸಾಕಿತ್ತು. ಎರಡು ಸಿಂಕಿನ ದುಡ್ಡು ಹೋಯಿತು. ಕೆಳಗೆ ಅಳೆಯೋಕೆ ಐದು ನಿಮಿಷ ಬೇಕಾಗಿತ್ತು.

ಸಮಯ ಓಡ್ತಾ ಇದೆ, ಉಳಿದದ್ದು ಬೇಗ ಹೇಳ್ತೀನಿ. ವಾಟರ್ ಹೀಟರಿನ ಕರೆಂಟು, ಗ್ಯಾಸು ಎರಡೂ ಆಫ್ ಮಾಡಿ. ಖಾಲಿ ಟ್ಯಾಂಕಿನಲ್ಲಿ ಕರೆಂಟ್ ಹರಿದರೆ ಒಳಗಿನ ಕಾಯಿಲ್ ಸುಟ್ಟುಹೋಗುತ್ತೆ. ಪಂಪ್ ಆಫ್, ಹೊರಗಿನಿಂದ ನೀರು ತರುವ ಹೋಸ್ ಬಿಚ್ಚಿ, ಬಿಸಿನೀರು ತಣ್ಣೀರು ಎರಡೂ ನಲ್ಲಿ ತೆರೆದು ಒತ್ತಡ ಇಳಿಸಿ. ಬಹಳಷ್ಟು ಗಾಡಿಗಳಲ್ಲಿ ಸಿಂಕಿನ ಕೆಳಗೆ ನೀರು ನಿಲ್ಲಿಸುವ ವಾಲ್ವೇ ಇರೋದಿಲ್ಲ. ಹೇಗೂ ಬಿಚ್ಚಿದ್ದೀರಿ, ಎರಡು ವಾಲ್ವ್ ಹಾಕಿಬಿಡಿ. ಸಿಂಕಿನ ಅಂಚಿನ ಹಳೇ ಅಂಟನ್ನು ಚಾಕುವಿನಿಂದ ಸುತ್ತಲೂ ಕೊಯ್ದು, ಕೆಳಗಿನ ಕ್ಲಿಪ್ಪುಗಳನ್ನು ಸಡಿಲಿಸಿದರೆ ಸಿಂಕ್ ಎದ್ದು ಬರುತ್ತೆ.

ಕಟ್ಟೆ ನೋಡೋಕೆ ಕಲ್ಲಿನ ಹಾಗಿದ್ದರೂ ಬಹುತೇಕ ಗಾಡಿಗಳಲ್ಲಿ ಒಳಗಿರೋದು ಮರದ ಪುಡಿ ಒತ್ತಿದ ಹಲಗೆ. ಕೊಯ್ದ ಅಂಚಿಗೆ ನೀರು ತಾಗಿದರೆ ಉಬ್ಬಿ ಹೋಗುತ್ತೆ. ಅದಕ್ಕೇ ಕೊಯ್ದ ಅಂಚಿಗೆಲ್ಲ ಸಿಲಿಕೋನ್ ಅಂಟು ಬಳಿದು ಒಣಗಿಸಿ, ಆಮೇಲೆ ಸಿಂಕ್ ಕೂರಿಸಿ. ಪ್ಲಾಸ್ಟಿಕ್ ಅಥವಾ ಅಕ್ರಿಲಿಕ್ ಸಿಂಕಿಗೆ ಪ್ಲಂಬರ್ ಪುಟ್ಟಿ ಬೇಡ, ಅದರ ಎಣ್ಣೆ ಪ್ಲಾಸ್ಟಿಕ್ಕಿಗೆ ಆಗಿಬರೋದಿಲ್ಲ. ಅಲ್ಲೂ ಸಿಲಿಕೋನೇ. ಬೀಡುಕಬ್ಬಿಣದ ಸಿಂಕು, ಕಲ್ಲಿನ ಸಿಂಕು ಮನೆಯಲ್ಲಿರಲಿ. ರಸ್ತೆಯ ಕುಲುಕಾಟಕ್ಕೆ ಆ ಭಾರವನ್ನು ಈ ಹಲಗೆ ತಡೆಯೋದಿಲ್ಲ.

ಇನ್ನೊಂದು ಮಾತು. ಸಿಂಕಿನ ಕೆಳಗೆ ಪೈಪಿನ ತುದಿಯಲ್ಲಿ ಟೋಪಿ ಹಾಕಿದಂಥ ಪುಟ್ಟ ಪ್ಲಾಸ್ಟಿಕ್ ವಾಲ್ವ್ ಇದ್ದರೆ ಅದನ್ನು ಬೇಡದ್ದು ಅಂತ ಕಿತ್ತು ಮುಚ್ಚಬೇಡಿ. ಗಾಳಿಯನ್ನು ಒಳಗೆ ಬಿಡೋದು, ವಾಸನೆಯನ್ನು ಹೊರಗೆ ಬಿಡದಿರೋದು ಅದರ ಕೆಲಸ. ಹೊಸ ಸಿಂಕ್ ಆಳವಾಗಿ ಅದಕ್ಕೆ ಜಾಗ ಸಾಲದಿದ್ದರೆ ಪಕ್ಕಕ್ಕೆ ಸರಿಸಿ. ಆದರೆ ನೆಟ್ಟಗೆ ನಿಂತಿರಬೇಕು, ಡ್ರೈನ್ ಪೈಪಿಗಿಂತ ಸಾಧ್ಯವಾದಷ್ಟು ಮೇಲಿರಬೇಕು. ಇದಕ್ಕೂ ಕೆಳಗೇ ಅಳೀಬೇಕು, ಗೊತ್ತಾಯ್ತಲ್ಲ?

ಪೈಪಿನ ಪ್ಲಾಸ್ಟಿಕ್ ನಟ್ಟುಗಳನ್ನು ಕೈಯಲ್ಲೇ ಬಿಗಿ ಮಾಡಿ, ಆಮೇಲೆ ಕಾಲು ಸುತ್ತು, ಅಷ್ಟೇ. ಸ್ಪ್ಯಾನರ್ ಹಾಕಿ ಜಗ್ಗಿದರೆ ಸೀಳುತ್ತೆ. ಸಿಲಿಕೋನ್ ಹಾಕಿ 24 ಗಂಟೆ ಸುಮ್ಮನಿರಿ. ಆಮೇಲೆ ಸಿಂಕಿನ ಬೋಗುಣಿ ತುಂಬಿಸಿ, ಎರಡು ಬೋಗುಣಿಯಿದ್ದರೆ ಎರಡರ ಮುಚ್ಚಳವನ್ನೂ ಒಟ್ಟಿಗೆ ಎತ್ತಿ, ಒಣ ಟಿಶ್ಯೂ ಕಾಗದದಿಂದ ಒಂದೊಂದೇ ನಟ್ಟನ್ನು ಒರೆಸಿ ನೋಡಿ. ಮೊದಲ ಪ್ರಯಾಣ ಮುಗಿಸಿ ಬಂದ ಮೇಲೆ ಕೈಹಾಕಿ ಇನ್ನೊಮ್ಮೆ ಬಿಗಿ ಮಾಡಿ, ಕುಲುಕಾಟಕ್ಕೆ ಒಂದಾದರೂ ಸಡಿಲಾಗಿರುತ್ತೆ. ನಮಸ್ಕಾರ.