ಬುತ್ತಿ ಕಟ್ಟುವ ಬಟ್ಟೆ

ಕೇಳುಗರಿಗೆಲ್ಲ ನಮಸ್ಕಾರ.

ಮೊದಲು ಒಂದು ತಂಬುಳಿಯ ಕತೆ ಹೇಳುತ್ತೇನೆ. ಎರಡು ವರ್ಷದ ಹಿಂದೆ ಶಿರಸಿಯ ತವರಿನಿಂದ ಕಾರವಾರಕ್ಕೆ ಬಸ್ಸಿನಲ್ಲಿ ಬರುತ್ತಿದ್ದೆ. ಅಮ್ಮ ದಾರಿಗೆ ಬುತ್ತಿ ಕಟ್ಟಿದ್ದರು. ಅನ್ನ ಬಾಳೆ ಎಲೆಯಲ್ಲಿ. ಒಂದೆಲಗದ ತಂಬುಳಿ ಮಾತ್ರ ಪ್ಲಾಸ್ಟಿಕ್ ಕವರಿನಲ್ಲಿ, ಬಾಯಿಗೊಂದು ರಬ್ಬರ್ ಬ್ಯಾಂಡ್. ದೇವಿಮನೆ ಘಟ್ಟದ ಯಾವುದೋ ತಿರುವಿನಲ್ಲಿ ಆ ಕವರ್ ಒಡೆಯಿತು. ನನ್ನ ಸೀರೆ, ಮಗನ ಪುಸ್ತಕ, ಪಕ್ಕದವರ ಚಪ್ಪಲಿ, ಎಲ್ಲಕ್ಕೂ ತಂಬುಳಿಯ ಅಭಿಷೇಕ. ಎಲೆಯಲ್ಲಿದ್ದ ಅನ್ನಕ್ಕೆ ಏನೂ ಆಗಿರಲಿಲ್ಲ.

ಅವತ್ತೇ ತೀರ್ಮಾನ ಮಾಡಿದೆ, ಇನ್ನು ಊಟಕ್ಕೆ ಕವರ್ ಬೇಡ ಅಂತ. ತೀರ್ಮಾನ ಸುಲಭ. ಕಷ್ಟ ಶುರುವಾದದ್ದು ಜೂನ್ ತಿಂಗಳಲ್ಲಿ. ಕವರಿನ ಬದಲು ಏನೇ ತಂದರೂ ಅದನ್ನು ತೊಳೆಯಬೇಕು, ತೊಳೆದದ್ದು ಒಣಗಬೇಕು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಒಣಗುವುದು ಅಂದರೆ ಏನು ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಪೇಟೆಯಿಂದ ಒಂದು ಚೆಂದದ ಊಟದ ಚೀಲ ತಂದಿದ್ದೆ. ಹೊರಗೆ ದಪ್ಪ ಬಟ್ಟೆ, ಒಳಗೆ ಇನ್ನೊಂದು ಪದರ, ಮಧ್ಯದಲ್ಲಿ ಸ್ಪಂಜು, ಮೇಲೆ ಜಿಪ್ಪು. ಮೂರು ದಿನ ಫ್ಯಾನಿನ ಕೆಳಗಿಟ್ಟರೂ ಒಣಗಲಿಲ್ಲ. ನಾಲ್ಕನೇ ದಿನ ಮುಗ್ಗಲು ವಾಸನೆ. ಮಗ ಅದನ್ನು ಮುಟ್ಟಲೂ ಒಪ್ಪಲಿಲ್ಲ. ಆಮೇಲೆ ಏನೇ ಕೊಳ್ಳುವಾಗಲೂ ನನಗೆ ಒಂದೇ ಪರೀಕ್ಷೆ: ಆಷಾಢದಲ್ಲಿ ಒಂದು ರಾತ್ರಿಯಲ್ಲಿ ಇದು ಒಣಗುತ್ತದೆಯೇ?

ಆ ಪರೀಕ್ಷೆಯಲ್ಲಿ ಗೆದ್ದದ್ದು ಹಳೆಯ ಪಂಚೆ. ನಿಜ! ಸವೆದು ತೆಳ್ಳಗಾದ ಹತ್ತಿ ಪಂಚೆಯನ್ನು ಒಂದೂವರೆ ಅಡಿಯ ಚೌಕಗಳಾಗಿ ಕತ್ತರಿಸಿ, ಅಂಚು ಮಡಚಿ ಹೊಲಿದೆ. ಒಂದೇ ಪದರ ನೋಡಿ, ಕಿಟಕಿಯ ಸರಳಿಗೆ ಹಾಕಿದರೆ ಬೆಳಗ್ಗೆ ರೆಡಿ. ದೋಸೆ, ಚಪಾತಿ, ರೊಟ್ಟಿ ಎಲ್ಲ ಅದರಲ್ಲಿ ಸುತ್ತಿ ಡಬ್ಬಿಯೊಳಗೆ ಇಡುತ್ತೇನೆ. ಬಿಸಿ ಚಪಾತಿಯನ್ನು ಕವರಿಗೆ ಹಾಕಿದರೆ ಹಬೆ ಹೊರಗೆ ಹೋಗುವುದಿಲ್ಲ. ಅಲ್ಲೇ ನೀರಾಗಿ ಚಪಾತಿಯನ್ನು ಮುದ್ದೆ ಮಾಡುತ್ತದೆ. ಬಟ್ಟೆ ಆ ನೀರನ್ನು ತಾನು ಕುಡಿಯುತ್ತದೆ. ರೊಟ್ಟಿ ಬುಟ್ಟಿಗೆ ನಮ್ಮ ಅಜ್ಜಿಯರು ಬಟ್ಟೆ ಹಾಸುತ್ತಿದ್ದದ್ದು ಸುಮ್ನೆ ಅಲ್ಲ.

ಹಳೆಯ ಬಟ್ಟೆ ಅಂತ ಒತ್ತಿ ಹೇಳುವುದಕ್ಕೆ ಕಾರಣ ಇದೆ. ಹತ್ತಿ ಬೆಳೆಯಲು ನೀರು, ಗೊಬ್ಬರ ಎಲ್ಲ ಜಾಸ್ತಿ ಬೇಕು. 2018ರಲ್ಲಿ ಡೆನ್ಮಾರ್ಕಿನ ಪರಿಸರ ಇಲಾಖೆ ಪೇಟೆ ಚೀಲಗಳ ಲೆಕ್ಕ ಹಾಕಿತ್ತು. ಹವಾಮಾನದ ಮೇಲಾಗುವ ಪರಿಣಾಮ ಒಂದನ್ನೇ ನೋಡಿದರೂ, ಹೊಸ ಹತ್ತಿ ಚೀಲವನ್ನು ಸುಮಾರು 50 ಸಲ ಬಳಸಿದ ಮೇಲೆಯೇ ಅದು ಒಂದು ಪ್ಲಾಸ್ಟಿಕ್ ಚೀಲಕ್ಕೆ ಸಮ. ಸಿಕ್ಕಿದ ಸಮಾರಂಭದಲ್ಲೆಲ್ಲ ಹಂಚುವ ಹೊಸ ಬಟ್ಟೆ ಚೀಲಗಳು ನಮ್ಮ ಮನೆಯ ಬಾಗಿಲ ಹಿಂದೆ ಹನ್ನೊಂದು ಇವೆ. ಅವು ಯಾವಾಗ 50 ಮುಟ್ಟುತ್ತವೋ!

ಈಗ ಜೇನುಮೇಣದ ಬಟ್ಟೆ ಅಂತ ಬಂದಿದೆ. ಹತ್ತಿ ಬಟ್ಟೆಗೆ ಜೇನುಮೇಣ, ರಾಳ, ಚೂರು ಎಣ್ಣೆ ಸೇರಿಸಿ ಇಸ್ತ್ರಿ ಹಾಕಿ ಕರಗಿಸುವುದು. ಕೈ ಬಿಸಿ ತಾಗಿದರೆ ಮೆತ್ತಗಾಗಿ ತಾನೇ ಅಂಟಿಕೊಳ್ಳುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿದರೂ ಸಾಕು, ಬೇಗ ಒಣಗುತ್ತದೆ. ಕತ್ತರಿಸಿದ ಹಣ್ಣು, ಬ್ರೆಡ್ಡಿಗೆ ಒಳ್ಳೆಯದು. ಆದರೆ ಮೇಣ 62-64 ಡಿಗ್ರಿಗೆ ಕರಗುತ್ತದೆ, ಅದಕ್ಕೆ ಮುಂಚೆಯೇ ಮೆತ್ತಗಾಗುತ್ತದೆ. ಕಾವಲಿಯಿಂದ ಇಳಿಸಿದ ದೋಸೆ ಇಟ್ಟರೆ ಮೇಣವೂ ದೋಸೆಯ ಜೊತೆ ಹೊಟ್ಟೆಗೆ. ಬಿಸಿನೀರಿನಲ್ಲಿ ತೊಳೆಯುವ ಹಾಗೂ ಇಲ್ಲ. ಹಾಗಾಗಿ ಮೀನಿಗೆ ಬೇಡವೇ ಬೇಡ. ಕಾರವಾರದಲ್ಲಿ ಮೀನಿಗಾಗದ ವಸ್ತು ಎಷ್ಟು ದಿನ ಬಾಳಿಕೆ ಬಂದೀತು ಹೇಳಿ?

ಮೀನು, ಸಾರು, ತಂಬುಳಿಗೆ ಸ್ಟೀಲ್ ಡಬ್ಬಿಯೇ ಸರಿ. ಮುಚ್ಚಳದ ಒಳಗಿನ ರಬ್ಬರ್ ರಿಂಗನ್ನು ದಿನಾ ತೆಗೆದು ತೊಳೆಯಿರಿ. ಡಬ್ಬಿ ನಾರುವುದು ಬಹಳ ಸಲ ಅದರ ಸಂದಿಯಿಂದಲೇ. ಅಲ್ಯುಮಿನಿಯಂ ಡಬ್ಬಿಗೆ ಹುಳಿ ಹಾಕಬೇಡಿ, ಅದು ಲೋಹವನ್ನು ತಿನ್ನುತ್ತದೆ.

ಇನ್ನು ಬಾಳೆ ಎಲೆ. ಅದನ್ನು ಮತ್ತೆ ಮತ್ತೆ ಬಳಸಲು ಆಗುವುದಿಲ್ಲ, ಒಪ್ಪಿದೆ. ಆದರೆ ಅದನ್ನು ತೊಳೆದು ಒಣಗಿಸುವ ಕೆಲಸವೇ ಇಲ್ಲ, ದನ ತಿಂದು ಮುಗಿಸುತ್ತದೆ. ಹಸಿ ಎಲೆ ಮಡಚಿದರೆ ಸೀಳುತ್ತದೆ. ಕೆಂಡದ ಮೇಲೋ ಗ್ಯಾಸಿನ ಸಣ್ಣ ಉರಿಯ ಮೇಲೋ ಹಿಡಿದು ಎಳೆಯಿರಿ. ಬಣ್ಣ ಕಡುವಾಗಿ, ಮೇಲ್ಮೈ ಮಿನುಗಿ, ಬಟ್ಟೆಯ ಹಾಗೆ ಬಾಗುತ್ತದೆ. ಬಾಳೆನಾರಿನಿಂದ ಕಟ್ಟಿದರೆ ದಾರವೂ ಬೇಡ. ಮಧ್ಯಾಹ್ನ ಬಿಚ್ಚಿದಾಗ ಬರುವ ಆ ಪರಿಮಳ ಯಾವ ಡಬ್ಬಿಯಲ್ಲೂ ಸಿಗುವುದಿಲ್ಲ.

ಕಾನೂನಿನ ಮಾತು ಒಂದಿಷ್ಟು. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಚೀಲ ನಿಷೇಧವಾದದ್ದು 2016ರ ಮಾರ್ಚಿನಲ್ಲಿ. 2022ರ ಕೊನೆಯ ದಿನದಿಂದ 120 ಮೈಕ್ರಾನಿಗಿಂತ ತೆಳುವಾದ ಚೀಲ ದೇಶದಲ್ಲೆಲ್ಲೂ ಇರಬಾರದು. ಸಂತೆಗೆ ಹೋದರೆ ಇಂದಿಗೂ ಕೇಳದೆಯೇ ಕೈಗೆ ಕವರ್ ಬರುತ್ತದೆ. ನಮ್ಮ ಅಮ್ಮನಂತೂ ಬಂದ ಕವರನ್ನೆಲ್ಲ ತೊಳೆದು ಹಿತ್ತಲ ತಂತಿಗೆ ನೇತು ಹಾಕುತ್ತಾರೆ. ತಂಬುಳಿಯ ಘಟನೆಯ ಮೇಲೆ ಒಂದೇ ಬದಲಾವಣೆ. ಆ ಕವರಿನಲ್ಲಿ ಈಗ ಊಟ ಕಟ್ಟುವುದಿಲ್ಲ, ಅಡಿಕೆ ಸಸಿ ನೆಡುತ್ತಾರೆ.

ನಮ್ಮ ಅಡುಗೆಮನೆ ಕಿಟಕಿಯಲ್ಲಿ ಈಗ ಏಳು ಪಂಚೆ ಚೌಕಗಳಿವೆ. ಆರು ಒಣಗಿವೆ. ಏಳನೆಯದಕ್ಕೆ ಮಗ ಅಪ್ಪೆಮಿಡಿ ಉಪ್ಪಿನಕಾಯಿಯ ಎಣ್ಣೆ ಬಳಿದುಕೊಂಡು ಬಂದಿದ್ದಾನೆ. ಅದನ್ನು ಇನ್ನೊಮ್ಮೆ ಸೀಗೆಪುಡಿ ಹಾಕಿ ತಿಕ್ಕಬೇಕು. ಬರಲೇ? ನಮಸ್ಕಾರ.