ಗುಡ್ಡದಾಚೆಗೂ ಕೇಳಬೇಕು ನಮ್ಮ ದನಿ

ನಮಸ್ಕಾರ. ಮಲೆನಾಡಲ್ಲಿ ಹ್ಯಾಮ್ ರೇಡಿಯೋಗೆ, ಅಂದರೆ ಲೈಸೆನ್ಸ್ ಪಡೆದ ಹವ್ಯಾಸಿಗಳ ರೇಡಿಯೋಗೆ, ಮಳೆ ಅಡ್ಡಿಯಲ್ಲ, ಗುಡ್ಡ ಅಡ್ಡಿ. ನಾವು ಜಾಸ್ತಿ ಬಳಸುವ ಎರಡು ಮೀಟರ್ ಬ್ಯಾಂಡ್, ಅಂದರೆ 144ರಿಂದ 146 ಮೆಗಾಹರ್ಟ್ಸ್, ಹೆಚ್ಚುಕಡಿಮೆ ನೇರ ದಾರಿಯಲ್ಲೇ ಸಾಗುತ್ತದೆ. ಕೊಪ್ಪದ ಕಡೆ ಒಂದು ಅಡಿಕೆ ತೋಟದ ತಗ್ಗಿನಲ್ಲಿ 5 ವಾಟ್ ಹ್ಯಾಂಡ್‌ಸೆಟ್ ಹಿಡಿದು ಕರೆದಿದ್ದೇನೆ. ಮೂರೇ ಕಿಲೋಮೀಟರ್ ಆಚೆ ಇದ್ದ ಗೆಳೆಯನಿಗೆ ಒಂದಕ್ಷರವೂ ಕೇಳಲಿಲ್ಲ.

ಇದಕ್ಕೆ ಎಲ್ಲರೂ ಹೇಳುವ ಉಪಾಯ, ಎತ್ತರದ ಗುಡ್ಡದ ಮೇಲೆ ರಿಪೀಟರ್, ಅಂದರೆ ಕೇಳಿದ ಮಾತನ್ನು ಮತ್ತೆ ಜೋರಾಗಿ ಬಿತ್ತರಿಸುವ ಸೆಟ್. ಒಳ್ಳೆಯದೇ. ಆದರೆ ರಿಪೀಟರ್ ಒಂದು ಫ್ರೀಕ್ವೆನ್ಸಿಯಲ್ಲಿ ಕೇಳುತ್ತಿರುವಾಗಲೇ 600 ಕಿಲೋಹರ್ಟ್ಸ್ ಪಕ್ಕದಲ್ಲಿ ಅದೇ ಮಾತನ್ನು ಕೂಗಿ ಹೇಳಬೇಕು. ತನ್ನ ಕೂಗಿಗೆ ತಾನೇ ಕಿವುಡಾಗದಂತೆ ಆ ಎರಡನ್ನೂ ಬೇರ್ಪಡಿಸುವ ಡುಪ್ಲೆಕ್ಸರ್ ಅನ್ನೋ ಫಿಲ್ಟರ್ ಬೇಕು, ಅದು ದುಬಾರಿ. ಆಮೇಲೆ ಟವರ್, ಅನುಮತಿ, ಕರೆಂಟು, ಸಿಡಿಲು. ಆಗುಂಬೆ ಸೀಮೆಯ ಜುಲೈ ಮಳೆಯಲ್ಲಿ ಅದು ಕೆಟ್ಟರೆ ಗುಡ್ಡ ಹತ್ತೋರು ಯಾರು?

ಆ ದುಡ್ಡನ್ನು ಹತ್ತು ಮನೆಗಳಿಗೆ ಹಂಚೋಣ ಅನ್ನೋದು ನನ್ನ ಮಾತು. ಒಂದು ಹಳೆಯ ಸೆಟ್, ರಾಸ್ಪ್‌ಬೆರಿ ಪೈ ಅನ್ನೋ ಒಂದು ಪುಟ್ಟ ಕಂಪ್ಯೂಟರ್, ಯುಎಸ್‌ಬಿ ಸೌಂಡ್ ಕಾರ್ಡ್, ಮಾಡಿನ ಮೇಲೊಂದು ಆಂಟೆನಾ. ಇಷ್ಟು ಸೇರಿದರೆ ಒಂದು ನೋಡ್, ಅಂದರೆ ರೇಡಿಯೋ ಮತ್ತು ಇಂಟರ್‌ನೆಟ್ ನಡುವಿನ ಕೊಂಡಿ. ಇದನ್ನು ನಡೆಸುವ ಆಲ್‌ಸ್ಟಾರ್‌ಲಿಂಕ್ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಈ ತಗ್ಗಿನ ಮಾತನ್ನು ನೋಡ್ ಕೇಳಿಸಿಕೊಂಡು ನೆಟ್ ಮೂಲಕ ಆಚೆ ತಗ್ಗಿನ ನೋಡ್‌ಗೆ ದಾಟಿಸುತ್ತದೆ. ಅಲ್ಲಿ ಅದು ಮತ್ತೆ ರೇಡಿಯೋ. ಒಂದೇ ಫ್ರೀಕ್ವೆನ್ಸಿ, ಒಮ್ಮೆ ಕೇಳೋದು, ಒಮ್ಮೆ ಹೇಳೋದು. ಹಾಗಾಗಿ ಡುಪ್ಲೆಕ್ಸರ್ ಬೇಡ. ಪಿಟಿಟಿ, ಅಂದರೆ ಮಾತಾಡುವ ಗುಂಡಿ, ಒತ್ತಿ ಒಂದು ಸೆಕೆಂಡ್ ತಡೆದು ಮಾತಾಡಬೇಕು, ಇಲ್ಲಾಂದ್ರೆ ಮೊದಲ ಪದ ನುಂಗಿಹೋಗುತ್ತದೆ. ನೋಡ್‌ನ ಪವರ್ ಕಮ್ಮಿ ಇಡಿ, ಇಲ್ಲಾಂದ್ರೆ ಸೆಟ್ ಬಿಸಿಯಾಗುತ್ತದೆ. ಲೈಸೆನ್ಸ್ ಷರತ್ತನ್ನು ಸರಿಯಾಗಿ ಓದಿಕೊಂಡೇ ನೆಟ್‌ಗೆ ಜೋಡಿಸಿ. ನೋಡ್ ಏನು ಕಳಿಸಿದರೂ ಹೊಣೆ ನಿಮ್ಮದು.

ನೆಟ್ ಹೋದರೆ? ಈ ಪ್ರಶ್ನೆ ಕೇಳುವವರ ಮೇಲೆ ನನಗೆ ಗೌರವ ಇದೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡವೇ ಜಾರಿತು. ಅಂಥ ದಿನ ಕೇಬಲ್, ಕಂಬ ಯಾವುದನ್ನೂ ನಂಬುವ ಹಾಗಿಲ್ಲ. 2004ರ ಸುನಾಮಿಯಲ್ಲಿ ಅಂಡಮಾನ್‌ನ ಸುದ್ದಿ ಹೊರಗೆ ಮುಟ್ಟಿಸಿದವರಲ್ಲಿ ಹ್ಯಾಮ್ ಭಾರತಿ ಪ್ರಸಾದ್ ಒಬ್ಬರು. ಅವರ ಕೈಹಿಡಿದದ್ದು ಬಲು ದೂರ ಮುಟ್ಟುವ ಶಾರ್ಟ್‌ವೇವ್ ಸೆಟ್ಟು, ನೆಟ್ ಅಲ್ಲ.

ಅದಕ್ಕೇ ನೋಡ್ ಇಡುವಾಗ ಒಂದು ಕಟ್ಟುನಿಟ್ಟು ಇರಲಿ. ಲಿಂಕ್ ಸತ್ತರೂ ಆ ಊರಿನವರು ಅದೇ ಫ್ರೀಕ್ವೆನ್ಸಿಯಲ್ಲಿ ನೇರವಾಗಿ ಮಾತಾಡುವಂತಿರಬೇಕು. ಸೆಟ್ಟಿಗೆ ಬ್ಯಾಟರಿ, ಸೋಲಾರ್ ಇರಬೇಕು. ಎದುರುಬದುರು ಕಾಣುವ ಎರಡು ಗುಡ್ಡದ ಮನೆಗಳ ನಡುವೆ ವೈಫೈ ಡಿಶ್ ಕೂರಿಸಿದರೆ ನೆಟ್ ಇಲ್ಲದೆಯೂ ನೋಡ್‌ಗಳು ಕೈಜೋಡಿಸುತ್ತವೆ. ಶಾರ್ಟ್‌ವೇವ್ ಸೆಟ್ ಇದ್ದವರು ಅದನ್ನು ಅಟ್ಟಕ್ಕೆ ಹಾಕಬೇಡಿ.

ಮಳೆಗಾಲಕ್ಕೆ ಮೊದಲು, ಮೇ ತಿಂಗಳ ಒಂದು ಭಾನುವಾರ, ಎಲ್ಲರೂ ಒಂದು ಗಂಟೆ ರೌಟರ್ ತಂತಿ ಕಿತ್ತಿಡೋಣ. ಮೇನ್ ಸ್ವಿಚ್ಚೂ ಆಫ್. ಯಾವ ಮನೆಗೆ ಯಾವ ಮನೆ ಕೇಳಿತು, ಒಂದು ಹಾಳೆಯಲ್ಲಿ ಬರೆಯೋಣ. ಯಾರಿಗೂ ಕೇಳದೆ ಉಳಿದ ಮನೆ ಯಾವುದೋ, ಮುಂದಿನ ನೋಡ್ ಅಲ್ಲಿಗೆ.