ಚುಕ್ಕಿಗೂ ಒಂದು ದನಿ

ಕೇಳುಗರೇ, ನಮಸ್ಕಾರ.

ನೀವು ಏನೋ ಕೇಳಿದ್ದೀರಿ, ಫೋನಿಗೆ ಉತ್ತರ ಬಂತು: ‘ಸರಿ’. ಅದೇ ಉತ್ತರ ಕೊನೆಗೊಂದು ಪೂರ್ಣವಿರಾಮ ಇಟ್ಟುಕೊಂಡು ಬಂತು ಅನ್ನಿ. ನಾನು ಇಲ್ಲಿ ಓದಿದರೆ ಎರಡೂ ಒಂದೇ ಥರ ಕೇಳಿಸುತ್ತವೆ. ಫೋನಿನಲ್ಲಿ ನೋಡಿದವರಿಗೆ ಮಾತ್ರ ಎರಡನೆಯದು ಯಾಕೋ ಬಿಗಿಯಾಗಿ ಕಾಣುತ್ತದೆ. ‘ಬೇಜಾರಾಯ್ತಾ?’ ಅಂತ ತಿರುಗಿ ಕೇಳುವವರೂ ಇದ್ದಾರೆ.

2015ರಲ್ಲಿ ಅಮೆರಿಕದ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನೇ ಪರೀಕ್ಷಿಸಿದರು. ಒಂದೇ ಪದದ ಉತ್ತರಗಳನ್ನು ವಿದ್ಯಾರ್ಥಿಗಳಿಗೆ ಓದಿಸಿದರು. ಫೋನ್ ಸಂದೇಶದಲ್ಲಿ ಚುಕ್ಕಿ ಇದ್ದ ಉತ್ತರ ಅಷ್ಟು ಮನಸಾರೆ ಕೊಟ್ಟದ್ದಲ್ಲ ಅಂತ ಅವರಿಗೆ ಅನ್ನಿಸಿತು. ಕೈಬರಹದ ಚೀಟಿಯಲ್ಲಿ ಈ ವ್ಯತ್ಯಾಸ ಕಾಣಲಿಲ್ಲ. ನನ್ನ ಪ್ರಕಾರ ಕಾರಣ ಸರಳ. ಕಾಗದದ ಮೇಲೆ ಮಾತು ಮುಗಿಯಿತು ಅಂತ ಹೇಳಲು ಚುಕ್ಕಿ ಬೇಕು. ಫೋನಿನಲ್ಲಿ ಕಳುಹಿಸುವ ಬಟನ್ ಒತ್ತಿದರೆ ಮಾತು ಮುಗಿದ ಹಾಗೇ. ಅಷ್ಟಾದ ಮೇಲೂ ಚುಕ್ಕಿ ಇಟ್ಟರೆ, ಸುಮ್ನೆ ಇಟ್ಟಿಲ್ಲ ಅಂತ ಓದುವವರು ಅಂದುಕೊಳ್ಳುತ್ತಾರೆ.

ಬರಹದಲ್ಲಿ ದನಿ ಕೇಳಿಸದ ಈ ಕಷ್ಟ ಹಳೆಯದು. 1982ರ ಸೆಪ್ಟೆಂಬರ್ 19ರಂದು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಜ್ಞಾನಿ ಸ್ಕಾಟ್ ಫಾಲ್ಮನ್, ತಮಾಷೆಯ ಮಾತಿಗೆ ಗುರುತಾಗಿ ಕೋಲನ್ ಅಂದರೆ ಒಂದರ ಮೇಲೊಂದು ಎರಡು ಚುಕ್ಕಿ, ಅಡ್ಡಗೆರೆ, ಮುಚ್ಚುವ ಕಂಸ ಮೂರನ್ನೂ ಸಾಲಾಗಿ ಬರೆಯೋಣ ಅಂದರು. ತಲೆ ವಾಲಿಸಿ ನೋಡಿದರೆ ನಗುಮುಖ! ಯಾಕೆಂದರೆ ಅಲ್ಲಿನವರು ಕಂಪ್ಯೂಟರಿನಲ್ಲಿ ಬರೆದು ನಡೆಸುತ್ತಿದ್ದ ಚರ್ಚೆಯಲ್ಲಿ ತಮಾಷೆಯನ್ನು ಕೆಲವರು ನಿಜ ಅಂತ ನಂಬಿಬಿಡುತ್ತಿದ್ದರು.

ಆದ್ದರಿಂದ ಚುಕ್ಕಿ ಬಿಟ್ಟ ಮಕ್ಕಳನ್ನು ಬೈಯುವುದು ನನಗೆ ಸರಿ ಕಾಣುವುದಿಲ್ಲ. ಅವರು ಚುಕ್ಕಿ ಬಿಡುವುದು ಯೋಚಿಸಿಯೇ. ಹಿರಿಯರು ‘ನೋಡೋಣ’ ಅಂತ ಬರೆದು ಮೂರು ಚುಕ್ಕಿ ಇಡುವುದು ಎಷ್ಟೋ ಸಲ ಬರೀ ಅಭ್ಯಾಸ. ಓದುವ ಕಿರಿಯರಿಗೆ, ಏನೋ ಮುಚ್ಚಿಡುತ್ತಿದ್ದಾರೆ ಅನ್ನಿಸಬಹುದು. ಯಾರದೂ ತಪ್ಪಲ್ಲ, ಅಲ್ವಾ?

ನನಗೆ ನಿಜವಾಗಿ ಚಿಂತೆ ಹುಟ್ಟಿಸುವುದು ಬೇರೆ. ಒಂದು ಸಂದೇಶ ಹೀಗಿದೆ ಅಂದುಕೊಳ್ಳಿ: ‘ಮಾತ್ರೆ ನಿಲ್ಲಿಸಿ ಅಂದರು ಡಾಕ್ಟರ್ ನಾಳೆ ಬರುತ್ತಾರೆ’. ನಡುವೆ ಒಂದು ಚಿಹ್ನೆಯೂ ಇಲ್ಲ. ‘ಅಂದರು’ ಆದ ಮೇಲೆ ನಿಲ್ಲಿಸಿ ಓದಿದರೆ, ಹೇಳಿದವರು ಬೇರೆ ಯಾರೋ. ಡಾಕ್ಟರ್ ಬರುವುದು ನಾಳೆ. ‘ಡಾಕ್ಟರ್’ ಆದ ಮೇಲೆ ನಿಲ್ಲಿಸಿದರೆ, ಹೇಳಿದ್ದು ಡಾಕ್ಟರೇ. ನಾಳೆ ಬರುವವರು ಯಾರೋ. ಮಾತಾಡುವಾಗ ನಾನು ಉಸಿರು ತಗೊಂಡ ಜಾಗ ನಿಮಗೆ ಗೊತ್ತಾಗುತ್ತದೆ. ಸಂದೇಶ ಓದುವವರಿಗೆ ಅದು ಗೊತ್ತಾಗುವುದು ಹೇಗೆ? ಅವರು ಮಾತ್ರೆ ನುಂಗಬೇಕೋ ಬಿಡಬೇಕೋ?

ಇಂಥ ಕಡೆ ಚುಕ್ಕಿ ಇಡಿ. ಅದು ಒರಟು ಅನ್ನಿಸಿದರೆ ಸಾಲನ್ನಾದರೂ ಮುರಿಯಿರಿ. ಒಂದು ಮಾತಿಗೆ ಒಂದು ಸಾಲು. ಫೋನಿನಲ್ಲಿ ಈಗ ಜಾಸ್ತಿ ಜನ ಬರೆಯುವುದೇ ಹಾಗೆ, ಓದಲೂ ಸುಲಭ.

ನಮಸ್ಕಾರ.